ಎಪ್ಪತ್ತೆರಡರ ಲೆಕ್ಕ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ನಡೆದ ಯುವಜನರ ದಿನದಂದು ವಿಚಾರಣಾ ಗುರುಗಳು ಮಾಡಿದ ಭಾಷಣ)



ಉತ್ಸವದ ಈ ದಿನಗಳಲ್ಲಿ ನೀವು ಅನೇಕ ಭಾಷಣಗಳನ್ನು ಕೇಳಿದ್ದೀರಿ. ದೇವಾಲಯ ಕಟ್ಟಿದವರನ್ನು ಸ್ಮರಿಸಿದ್ದಾಯಿತು, ಗಂಟೆ ತಂದವರನ್ನು ಕೊಂಡಾಡಿದ್ದಾಯಿತು, ಶಾಲೆಗೆ ಜಾಗ ಬಿಟ್ಟುಕೊಟ್ಟ ಮನೆತನಗಳಿಗೆ ಶಾಲು ಹೊದಿಸಿದ್ದೂ ಆಯಿತು. ಇಂದಿನ ದಿನ ನಿಮ್ಮದು. ಯುವಜನ ಸಂಘದವರು ನಮ್ಮ ಬಳಿಗೆ ಬಂದು, "ಸ್ವಾಮಿ, ನಮಗೆ ಉಪಯೋಗವಾಗುವಂಥ ಏನಾದರೂ ಹೇಳಬೇಕು" ಎಂದು ಕೇಳಿಕೊಂಡರು. ಯಾವ ವಿಷಯವೆಂದು ವಿಚಾರಿಸಿದಾಗ, "ತಮಗೆ ತೋಚಿದ್ದು" ಎಂದರು. ನಮಗೆ ತೋಚಿದ್ದು ಹಣ.

ಹಿಂದಿನ ಸಾಲಿನಲ್ಲಿ ಕೆಲವರು ಮುಖ ಮುಖ ನೋಡಿಕೊಳ್ಳುತ್ತಿರುವುದು ಕಾಣುತ್ತಿದೆ. ಗುರುಗಳು ಹಣದ ಮಾತೆತ್ತಿದರೆ ಚಂದಾ ಪುಸ್ತಕ ಹಿಂದೆಯೇ ಬರುತ್ತದೆ ಎಂಬುದು ಎಲ್ಲ ಧರ್ಮಕೇಂದ್ರಗಳ ಅನುಭವ. ಹೆದರಬೇಡಿ. ಇಂದು ನಾವು ಕೇಳಲು ಬಂದಿಲ್ಲ, ಹೇಳಲು ಬಂದಿದ್ದೇವೆ.

ಮೂವತ್ತು ವರ್ಷಗಳಿಗೂ ಮಿಕ್ಕಿ ಒಂದಲ್ಲ ಒಂದು ಊರಿನ ಗುರುನಿವಾಸದ ಜಗುಲಿಯ ಮೇಲೆ ಕುಳಿತು ಜನರ ಕಷ್ಟ ಸುಖ ಕೇಳಿದ್ದೇವೆ. (ಪಾಪನಿವೇದನೆಯಲ್ಲಿ ಕೇಳಿದ್ದು ಅಲ್ಲಿಯೇ ಉಳಿಯುತ್ತದೆ, ಇಲ್ಲಿ ಹೇಳುವುದೆಲ್ಲ ಜಗುಲಿಯ ಮಾತು.) ನಲವತ್ತು, ಐವತ್ತು ದಾಟಿದವರು ಬಂದು ಕುಳಿತು, ಹೇಳಬೇಕಾದುದನ್ನೆಲ್ಲ ಹೇಳಿ, ಕೊನೆಗೆ ಒಂದು ಮಾತು ಸೇರಿಸುವುದುಂಟು: "ಇಪ್ಪತ್ತು ವರ್ಷದವನಿದ್ದಾಗ ಇದನ್ನು ಯಾರಾದರೂ ಹೇಳಿದ್ದಿದ್ದರೆ, ಸ್ವಾಮಿ." ಕುಡಿತದಿಂದಲೋ ಜೂಜಿನಿಂದಲೋ ಕೆಟ್ಟವರು ಈ ಮಾತನ್ನು ಹೇಳುವುದಿಲ್ಲ, ಅವರಿಗೆ ಮೊದಲೇ ಎಲ್ಲರೂ ಹೇಳಿರುತ್ತಾರೆ. ಹೀಗೆ ಹೇಳುವವರು ದುಡಿಯುವವರು, ಮಿತವಾಗಿ ಉಣ್ಣುವವರು, ಭಾನುವಾರದ ಪೂಜೆ ತಪ್ಪಿಸದವರು. ಅವರ ಮನೆಯನ್ನು ಕೆಡಿಸಿದ್ದು ದುರ್ಗುಣವಲ್ಲ. ಒಂದು ಲೆಕ್ಕ ಗೊತ್ತಿಲ್ಲದೆ ಹಾಕಿದ ಸಹಿ ಕೆಡಿಸಿತು.

ಸಾಲದ ವಿಷಯದಲ್ಲಿ ನಮ್ಮ ಜನರಿಗೆ ಉಪದೇಶದ ಕೊರತೆಯಿಲ್ಲ. ಸರ್ವಜ್ಞನ ಪದ್ಯ ಶಾಲೆಯಲ್ಲಿಯೇ ಬಾಯಿಪಾಠವಾಗಿರುತ್ತದೆ, ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಅಜ್ಜಿ ದಿನಕ್ಕೆರಡು ಬಾರಿ ಹೇಳಿರುತ್ತಾಳೆ. ಪದ್ಯ ಗೊತ್ತು, ಗಾದೆ ಗೊತ್ತು. ಐದರ ಬಡ್ಡಿಗೆ ಹತ್ತು ಸಾವಿರ ತಂದರೆ ಏನಾಗುತ್ತದೆ ಎಂದು ಕೇಳಿದರೆ ಗೊತ್ತಿಲ್ಲ. ನಾವೂ ಗುರುಮಠದಲ್ಲಿ ಬಡ್ಡಿ ಪಾಪವೋ ಅಲ್ಲವೋ ಎಂಬ ಪ್ರಾಚೀನ ವಾದವಿವಾದಗಳನ್ನು ಶ್ರದ್ಧೆಯಿಂದ ಓದಿದೆವು. ಬಡ್ಡಿಯನ್ನು ಎಣಿಸುವ ಬಗೆಯನ್ನು ಅಲ್ಲಿ ಯಾರೂ ಕಲಿಸಲಿಲ್ಲ.

ಆದುದರಿಂದ ಮೊದಲು ಎಣಿಕೆ. ನಮ್ಮ ಊರುಗಳಲ್ಲಿ ಕೈಸಾಲದ ಬಡ್ಡಿಯನ್ನು ತಿಂಗಳಿಗೆ ಹೇಳುವುದು ರೂಢಿ: "ಮೂರರ ಬಡ್ಡಿ", "ಐದರ ಬಡ್ಡಿ". ಬ್ಯಾಂಕಿನವರು ವರ್ಷಕ್ಕೆ ಹೇಳುತ್ತಾರೆ: "ನೂರಕ್ಕೆ ಹನ್ನೆರಡು". ಹನ್ನೆರಡಕ್ಕಿಂತ ಐದು ಕಡಿಮೆಯಲ್ಲವೇ ಎಂದು ಭಾವಿಸಿದವರನ್ನು ನಾವು ಕಂಡಿದ್ದೇವೆ, ನಗುವ ಮಾತಲ್ಲ. ತಿಂಗಳಿಗೆ ಐದು ಎಂದರೆ ವರ್ಷಕ್ಕೆ ಅರವತ್ತು. ಹತ್ತು ಸಾವಿರಕ್ಕೆ ತಿಂಗಳಿಗೆ 500 ರೂಪಾಯಿ. ಇಪ್ಪತ್ತು ತಿಂಗಳು ತಪ್ಪದೆ ಕಟ್ಟಿದರೆ ಹತ್ತು ಸಾವಿರವೂ ಕೈಬಿಟ್ಟುಹೋಗಿರುತ್ತದೆ, ಅಸಲು ಹತ್ತು ಸಾವಿರವೂ ಹಾಗೆಯೇ ನಿಂತಿರುತ್ತದೆ. ಕಟ್ಟದೆ ಹೋದರೆ ಸಾಹುಕಾರ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸುತ್ತಾನೆ. ಅಲ್ಲಿಂದ ಮುಂದಿನದು ಚಕ್ರಬಡ್ಡಿ.

ಚಕ್ರಬಡ್ಡಿಯನ್ನು ಮನಸ್ಸಿನಲ್ಲಿಯೇ ಎಣಿಸಲು ಒಂದು ಹಳೆಯ ಸೂತ್ರವುಂಟು. ಇಟಲಿಯ ಲೂಕಾ ಪಚೋಲಿ ಎಂಬವರು ಸಂತ ಫ್ರಾನ್ಸಿಸರ ಸಭೆಗೆ ಸೇರಿದ ಸಂನ್ಯಾಸಿ, ಗಣಿತದ ಬೋಧಕ. ಅವರು 1494ರಲ್ಲಿ ವೆನಿಸ್ ನಗರದಲ್ಲಿ ಒಂದು ದೊಡ್ಡ ಗಣಿತ ಗ್ರಂಥವನ್ನು ಅಚ್ಚು ಹಾಕಿಸಿದರು. ವ್ಯಾಪಾರಿಗಳು ಇಂದಿಗೂ ಬಳಸುವ ಜಮಾ-ಖರ್ಚಿನ ಇಬ್ಬದಿ ಲೆಕ್ಕದ ವಿವರಣೆಗಾಗಿ ಆ ಗ್ರಂಥ ಪ್ರಸಿದ್ಧವಾಗಿದೆ. ಅದರಲ್ಲಿಯೇ ಎಪ್ಪತ್ತೆರಡರ ಸೂತ್ರವೂ ಇದೆ. ವರ್ಷಕ್ಕೆ ನೂರಕ್ಕೆ ಎಷ್ಟು ಬಡ್ಡಿಯೋ ಆ ಸಂಖ್ಯೆಯಿಂದ ಎಪ್ಪತ್ತೆರಡನ್ನು ಭಾಗಿಸಿರಿ. ಬಂದಷ್ಟು ವರ್ಷಗಳಲ್ಲಿ ಹಣ ಎರಡರಷ್ಟಾಗುತ್ತದೆ. ಆರರ ದರದಲ್ಲಿ ಹನ್ನೆರಡು ವರ್ಷ. ಎಂಟರ ದರದಲ್ಲಿ ಒಂಬತ್ತು ವರ್ಷ. ಇಪ್ಪತ್ತನಾಲ್ಕರ ದರದಲ್ಲಿ ಮೂರೇ ವರ್ಷ. ಕಾಸು ಕಾಸಿಗೆ ಸರಿಹೊಂದುವ ಲೆಕ್ಕ ಇದಲ್ಲ. ಆದರೆ ಸಾಲಪತ್ರದ ಮುಂದೆ ಲೇಖನಿ ಹಿಡಿದು ಕುಳಿತವನಿಗೆ ಇಷ್ಟು ಸಾಕು.

ಇದನ್ನು ಐದರ ಬಡ್ಡಿಗೆ ಹಾಕಿ ನೋಡಿ. ಬಡ್ಡಿ ತಿಂಗಳಿನದಾದರೆ ಉತ್ತರವೂ ತಿಂಗಳಿನಲ್ಲಿಯೇ ಬರುತ್ತದೆ. ಎಪ್ಪತ್ತೆರಡನ್ನು ಐದರಿಂದ ಭಾಗಿಸಿದರೆ ಹದಿನಾಲ್ಕು ತಿಂಗಳು, ಕೆಲವು ದಿನ. ಹತ್ತು ಸಾವಿರ ಇಪ್ಪತ್ತಾಗಲು ಹದಿನಾಲ್ಕು ತಿಂಗಳು, ನಲವತ್ತಾಗಲು ಇನ್ನೊಂದು ಹದಿನಾಲ್ಕು, ಎಂಬತ್ತಾಗಲು ಮತ್ತೊಂದು. ತಿಂಗಳು ತಿಂಗಳೂ ಬಡ್ಡಿ ಅಸಲಿಗೆ ಸೇರುತ್ತ ಹೋದರೆ ಐದು ವರ್ಷಗಳಲ್ಲಿ ಆ ಹತ್ತು ಸಾವಿರ 1,86,000 ರೂಪಾಯಿಗಳನ್ನು ದಾಟುತ್ತದೆ. ಕೈಗೆ ಬಂದದ್ದು ಹತ್ತು ಸಾವಿರ, ಹೋದದ್ದು ಅರ್ಧ ಎಕರೆ ಎಂದು ಜನ ಹೇಳುವಾಗ ಮಾಟವೂ ಇಲ್ಲ, ಅನೇಕ ಸಲ ಕಳ್ಳ ಲೆಕ್ಕವೂ ಇಲ್ಲ. ನೂರಕ್ಕೆ ಅರವತ್ತು ಎಂಬುದು ತನ್ನ ಕೆಲಸ ಮಾಡಿರುತ್ತದೆ. ಇಂಥ ಬಡ್ಡಿಯನ್ನು ತಡೆಯಲು ನಮ್ಮ ರಾಜ್ಯದಲ್ಲಿ 1961ರ ಲೇವಾದೇವಿಗಾರರ ಕಾಯಿದೆ ಇದೆ, ವಿಪರೀತ ಬಡ್ಡಿಯನ್ನು ನಿಷೇಧಿಸುವ 2004ರ ಕಾಯಿದೆ ಇದೆ. ಕಾಯಿದೆಯ ನೆರವು ಬೇಕಾದವನು ಠಾಣೆಯ ಮೆಟ್ಟಿಲು ಹತ್ತಬೇಕು. ಅಷ್ಟು ಹೊತ್ತಿಗೆ ಅವನು ಸಾಮಾನ್ಯವಾಗಿ ಊರು ಬಿಟ್ಟಿರುತ್ತಾನೆ.

ಇನ್ನು ದಿನದ ಸಾಲ. ಸಂತೆಯಲ್ಲಿ ತರಕಾರಿ ಮಾರುವ ನಮ್ಮ ತಾಯಂದಿರಿಗೆ ಇದು ಚೆನ್ನಾಗಿ ಗೊತ್ತು. ಹತ್ತು ಸಾವಿರ ಎಂದು ಬರೆದುಕೊಂಡು ಒಂಬತ್ತು ಸಾವಿರ ಕೈಗೆ ಕೊಡುತ್ತಾರೆ. ದಿನಕ್ಕೆ ನೂರರಂತೆ ನೂರು ದಿನ ಕಟ್ಟಬೇಕು. "ನೂರಕ್ಕೆ ಹತ್ತು ತಾನೇ ಸ್ವಾಮಿ" ಎನ್ನುತ್ತಾರೆ. ಅಲ್ಲ. ಆ ಒಂಬತ್ತು ಸಾವಿರ ನೂರು ದಿನವೂ ನಿಮ್ಮ ಕೈಯಲ್ಲಿ ಇರುವುದಿಲ್ಲ, ಮರುದಿನದಿಂದಲೇ ಹಿಂದಿರುಗತೊಡಗುತ್ತದೆ. ಸರಾಸರಿ ನೋಡಿದರೆ ಅದರ ಅರ್ಧ ಮಾತ್ರ ನಿಮ್ಮ ಬಳಿ ಇತ್ತು, ಅದೂ ಮೂರು ತಿಂಗಳು ಚಿಲ್ಲರೆ ಕಾಲ. ಅದಕ್ಕೆ ಸಾವಿರ ತೆತ್ತಿರಿ. ವರ್ಷದ ದರಕ್ಕೆ ತಿರುಗಿಸಿದರೆ ನೂರಕ್ಕೆ ಎಪ್ಪತ್ತೈದನ್ನೂ ದಾಟುತ್ತದೆ.

ಇಲ್ಲಿ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ಉಡುಪಿಯಲ್ಲಿ 1925ರಲ್ಲಿ ಸ್ಥಾಪಿತವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ, 1928ರಲ್ಲಿ ಪಿಗ್ಮಿ ಠೇವಣಿ ಎಂಬ ಪದ್ಧತಿಯನ್ನು ತಂದಿತು. ಬ್ಯಾಂಕಿನ ಪ್ರತಿನಿಧಿ ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ತೆಗೆದುಕೊಂಡು ಖಾತೆಗೆ ಸೇರಿಸುತ್ತಿದ್ದ. ಆ ಬ್ಯಾಂಕು 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾಯಿತು. ಈಗ ಯೋಚಿಸಿ ನೋಡಿ. ಪಿಗ್ಮಿಯವನೂ ದಿನವೂ ಬರುತ್ತಾನೆ, ದಿನದ ಸಾಲದವನೂ ದಿನವೂ ಬರುತ್ತಾನೆ. ಇಬ್ಬರೂ ಅದೇ ಸಂತೆಯಲ್ಲಿ, ಅದೇ ಸೆರಗಿನ ಗಂಟಿನಿಂದ ನೂರು ರೂಪಾಯಿ ಒಯ್ಯುತ್ತಾರೆ. ನೂರು ದಿನ ಕಳೆದ ಮೇಲೆ ಒಬ್ಬಳ ಬಳಿ ಹತ್ತು ಸಾವಿರ ಇರುತ್ತದೆ. ಇನ್ನೊಬ್ಬಳು ಮತ್ತೆ ಒಂಬತ್ತು ಸಾವಿರಕ್ಕೆ ಹೆಬ್ಬೆಟ್ಟು ಒತ್ತುತ್ತಾಳೆ. ದಿನಕ್ಕೆ ನೂರು ಕೊಡುವ ಶಕ್ತಿ ಇಬ್ಬರಿಗೂ ಇತ್ತು. ಒಂದೇ ಒಂದು ಬಾರಿ, ಮೊದಲ ನೂರು ದಿನ, ಕ್ರಮ ಅದಲು ಬದಲಾಗಬೇಕಾಗಿತ್ತು. ಯುವಕ ಯುವತಿಯರೇ, ನಿಮ್ಮ ಮುಂದೆ ಆ ಮೊದಲ ನೂರು ದಿನ ಇನ್ನೂ ಇದೆ.

ಬ್ಯಾಂಕು, ಫೈನಾನ್ಸುಗಳ ಕಂತಿನ ಸಾಲದಲ್ಲಿಯೂ ಇಂಥದೇ ಒಂದು ಮರೆ ಇರುತ್ತದೆ. ದ್ವಿಚಕ್ರ ವಾಹನಕ್ಕೋ ಮೊಬೈಲಿಗೋ ಹನ್ನೆರಡು ಸಾವಿರ ಸಾಲ. "ನೂರಕ್ಕೆ ಹನ್ನೆರಡು, ಒಂದು ವರ್ಷಕ್ಕೆ 1,440, ಒಟ್ಟು 13,440, ತಿಂಗಳಿಗೆ 1,120" ಎಂದು ಅಂಗಡಿಯವನು ಚೀಟಿಯಲ್ಲಿ ಬರೆದು ತೋರಿಸುತ್ತಾನೆ. ಇಡೀ ಹನ್ನೆರಡು ಸಾವಿರಕ್ಕೆ ಇಡೀ ವರ್ಷದ ಬಡ್ಡಿ ಹಾಕಿದ್ದಾನೆ. ನೀವೋ ತಿಂಗಳು ತಿಂಗಳೂ ಅಸಲು ತೀರಿಸುತ್ತಿದ್ದೀರಿ. ನಿಜವಾದ ದರ ನೂರಕ್ಕೆ ಇಪ್ಪತ್ತೊಂದನ್ನು ಮೀರುತ್ತದೆ. ಈಗ ನಿಮಗೊಂದು ಅನುಕೂಲವಿದೆ. 2024ರ ಅಕ್ಟೋಬರ್ 1ರಿಂದ, ಇಂಥ ಸಾಲ ಕೊಡುವ ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳು ಎಲ್ಲ ಖರ್ಚುಗಳನ್ನೂ ಸೇರಿಸಿದ ವಾರ್ಷಿಕ ದರವನ್ನು ಒಂದು ಪ್ರತ್ಯೇಕ ಕಾಗದದಲ್ಲಿ, ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ, ಬರೆದು ಕೊಡಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಆ ಕಾಗದವನ್ನು ಕೇಳಿ ಪಡೆಯಿರಿ. ಕನ್ನಡದಲ್ಲಿ ಕೇಳಿರಿ. ಕೇಳಿದೊಡನೆ ಎದುರು ಕುಳಿತವನ ಮುಖ ಚಿಕ್ಕದಾದರೆ ಅದೂ ನಿಮಗೆ ದೊರೆತ ಒಂದು ಮಾಹಿತಿಯೇ.

ಬಡ್ಡಿಯ ಹಾವಳಿಗೆ ಬಡವರು ಕೈಕಟ್ಟಿ ಕುಳಿತಿರಲಿಲ್ಲವೆಂಬುದನ್ನೂ ಹೇಳಬೇಕು. ಪಚೋಲಿಯ ಗ್ರಂಥ ಬರುವುದಕ್ಕೆ ಮೂರು ದಶಕಗಳ ಮೊದಲು, 1462ರಲ್ಲಿ, ಪೆರೂಜಾ ನಗರದಲ್ಲಿ ಅದೇ ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಪ್ರೇರಣೆಯಿಂದ ಬಡವರ ಗಿರವಿ ನಿಧಿ ಆರಂಭವಾಯಿತು. ಒತ್ತೆಯಿಟ್ಟ ವಸ್ತುವಿನ ಮೇಲೆ ಅಲ್ಪ ಬಡ್ಡಿಗೆ ಸಾಲ. ಆ ಬಡ್ಡಿ ನಿಧಿಯ ಖರ್ಚಿಗಷ್ಟೇ. ಅಷ್ಟು ಬಡ್ಡಿಯಾದರೂ ಸಲ್ಲುವುದೇ ಎಂದು ಪಂಡಿತರು ಅರ್ಧ ಶತಮಾನ ಜಗಳವಾಡಿದರು. 1515ರಲ್ಲಿ ಹತ್ತನೆಯ ಲಿಯೋ ಜಗದ್ಗುರುಗಳ ಕಾಲದ ಲ್ಯಾಟರನ್ ಮಹಾಸಭೆ ಸಲ್ಲುತ್ತದೆಂದು ತೀರ್ಮಾನಿಸಿತು. ಕೆನಡಾ ದೇಶದ ಲೆವಿ ಎಂಬ ಊರಿನಲ್ಲಿ ಅಲ್ಫೋನ್ಸ್ ದೆಜಾರ್ದೆನ್ ಎಂಬ ಕಥೋಲಿಕ ಗೃಹಸ್ಥರು 1900ರಲ್ಲಿ ಜನರ ಉಳಿತಾಯ ಸಂಘ ಸ್ಥಾಪಿಸಿದಾಗ ಮೊದಲ ಠೇವಣಿ ಹತ್ತು ಸೆಂಟು ಮಾತ್ರ. ನಮ್ಮ ನಾಡಿನಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿಕರ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಮಂಗಳೂರಿನ ಕಥೋಲಿಕರು 1912ರಲ್ಲಿ ಆರಂಭಿಸಿದ ಸಹಕಾರಿ ಬ್ಯಾಂಕು ಇಂದಿಗೂ ನಡೆಯುತ್ತಿದೆ. ಇವರೆಲ್ಲರೂ ಮಾಡಿದ್ದು ಒಂದೇ: ಬಡವರ ಚಿಲ್ಲರೆ ಕಾಸನ್ನೇ ಕೂಡಿಸಿ ಬಡವರಿಗೆ ಸಾಲ ಕೊಟ್ಟರು.

ಆದರೆ ಸಂಘ ಎಂಬ ಹೆಸರು ಕಂಡೊಡನೆ ಕಣ್ಣು ಮುಚ್ಚಿ ನಂಬಬೇಡಿ. ಕೇರಳದಲ್ಲಿ ಪಾಲಾಯಿ ಸೆಂಟ್ರಲ್ ಬ್ಯಾಂಕು 1960ರಲ್ಲಿ ಬಿದ್ದಾಗ ನಮ್ಮವರೇ ಆದ ಸಾವಿರಾರು ಕುಟುಂಬಗಳು ತತ್ತರಿಸಿದವು. ಅಂಥ ಪತನಗಳ ಪರಿಣಾಮವಾಗಿಯೇ 1962ರಲ್ಲಿ ಠೇವಣಿ ವಿಮೆ ಬಂದದ್ದು. 2020ರಿಂದ ಆ ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷ ರೂಪಾಯಿಗಳವರೆಗೆ ಇದೆ. ಸಹಕಾರಿ ಬ್ಯಾಂಕಿಗೆ ಅದು ಸಲ್ಲುತ್ತದೆ. ಬ್ಯಾಂಕಿನಂತೆ ಫಲಕ ಹಾಕಿಕೊಂಡ ಸಹಕಾರಿ ಸಂಘಕ್ಕೆ ಸಲ್ಲುವುದಿಲ್ಲ. ಹಣ ಇಡುವ ಮುನ್ನ ಇದೊಂದನ್ನು ಕೇಳಿರಿ. ಚೀಟಿ ಹಾಕುವವರು, 1982ರ ಚಿಟ್ ಫಂಡ್ ಕಾಯಿದೆಯ ಪ್ರಕಾರ ನೋಂದಣಿಯಾಗಿದೆಯೇ ಎಂದು ಕೇಳಿರಿ. ಹಣವನ್ನು ಕೆಲವೇ ತಿಂಗಳಲ್ಲಿ ಎರಡರಷ್ಟು ಮಾಡಿಕೊಡುತ್ತೇವೆ ಎನ್ನುವವರನ್ನು ಏನೂ ಕೇಳಬೇಡಿ. ಎಪ್ಪತ್ತೆರಡನ್ನು ಭಾಗಿಸಿ ನೋಡಿ, ಎದ್ದು ಬನ್ನಿ.

ಈಗ ನಮ್ಮ ಮನಸ್ಸಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟ ವಿಷಯಕ್ಕೆ ಬರುತ್ತೇವೆ. ಅದು ಜಾಮೀನು.

ನಾವು ಹಿಂದೆ ಇದ್ದ ಒಂದು ಊರಿನಲ್ಲಿ ಶಾಲೆಯ ಗುಮಾಸ್ತನೊಬ್ಬನಿದ್ದ. ಇಪ್ಪತ್ಮೂರು ವರ್ಷ, ತಂದೆಯಿಲ್ಲದ ಮನೆ, ಮದುವೆಗೆ ಬೆಳೆದ ತಂಗಿ. ಅವನ ಜ್ಞಾನತಂದೆಯ ಮಗ ಲಾರಿ ಕೊಳ್ಳಲು ಒಂದು ಸಂಘದಲ್ಲಿ ಸಾಲ ಎತ್ತಿದ. ಸಂಬಳದವನ ಸಹಿ ಬೇಕಾಗಿತ್ತು. "ಒಂದು ಸಹಿ ತಾನೇ ತಮ್ಮಾ, ನಿನ್ನಿಂದ ಒಂದು ಕಾಸೂ ಕೇಳುವುದಿಲ್ಲ" ಎಂದರು. ಜ್ಞಾನಸ್ನಾನದ ದಿನ ಎತ್ತಿಕೊಂಡವರ ಮನೆಯ ಮಾತು. ಹುಡುಗ ಸಹಿ ಹಾಕಿದ. ಲಾರಿ ಎರಡು ವರ್ಷ ಓಡಿತು, ನಿಂತಿತು. ಸಂಘದವರು ಲಾರಿಯವನ ಹಿಂದೆ ಅಲೆಯಲಿಲ್ಲ. ನೇರವಾಗಿ ಶಾಲೆಗೆ ಕಾಗದ ಕಳಿಸಿದರು. ಸಂಬಳದಿಂದ ಕಡಿತ ಆರಂಭವಾಯಿತು. ಮುಗಿಯುವಾಗ ಅವನಿಗೆ ಮೂವತ್ತೊಂದು. ತಂಗಿಯ ಮದುವೆ ಅಷ್ಟು ವರ್ಷ ಹಿಂದೆ ಬಿತ್ತು. "ಹಣ ಹೋಗಲಿ ಸ್ವಾಮಿ," ಎಂದ ಒಂದು ಸಂಜೆ, "ಅಣ್ಣ ನನ್ನನ್ನು ಕಂಡರೆ ಬೇರೆ ಬೀದಿಗೆ ತಿರುಗುತ್ತಾನೆ. ಹಬ್ಬದ ದಿನ ಅವರ ಮನೆಗೆ ಹೋಗುವುದು ತಪ್ಪಿಹೋಯಿತು."

ಆ ಹುಡುಗನಿಗೆ ಸಂಘದವರು ಅನ್ಯಾಯ ಮಾಡಿದರೆಂದು ಊರೆಲ್ಲ ಆಡಿಕೊಂಡಿತು. ಕಾನೂನಿನ ಪ್ರಕಾರ ಅನ್ಯಾಯವಿರಲಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ 128ನೆಯ ಕಲಮಿನಂತೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಗೆ ಸರಿಸಮ. ಸಾಲಗಾರನಿಂದ ಮೊದಲು ವಸೂಲಿಗೆ ಪ್ರಯತ್ನಿಸಿ ಸೋತ ಮೇಲೆಯೇ ಜಾಮೀನುದಾರನ ಬಳಿಗೆ ಬರಬೇಕು ಎಂಬ ನಿಯಮವಿಲ್ಲ. ಸಾಲ ತೀರಿಸಿದ ಜಾಮೀನುದಾರನು ಆ ಹಣವನ್ನು ಸಾಲಗಾರನಿಂದ ವಸೂಲು ಮಾಡುವ ಹಕ್ಕನ್ನು ಪಡೆಯುತ್ತಾನೆ, ನಿಜ. ಆದರೆ ಜ್ಞಾನತಂದೆಯ ಮಗನ ಮೇಲೆ ದಾವೆ ಹೂಡುವವರು ಯಾರು? ಜ್ಞಾನೋಕ್ತಿಗಳ ಗ್ರಂಥ ಹೆರವರ ಸಾಲಕ್ಕೆ ಹೊಣೆ ನಿಲ್ಲುವವನನ್ನು ಒಂದಕ್ಕಿಂತ ಹೆಚ್ಚು ಕಡೆ ಎಚ್ಚರಿಸುತ್ತದೆ. ನಮ್ಮ ಪ್ರವಚನಗಳಲ್ಲಿ ಆ ವಾಕ್ಯಗಳು ಏಕೋ ಅಪರೂಪ.

ಹಾಗಾದರೆ ನೆಂಟರಿಗೆ, ಗೆಳೆಯರಿಗೆ ಸಹಾಯ ಮಾಡಬಾರದೇ? ಮಾಡಬೇಕು. ಹಿಂದಿರುಗದಿದ್ದರೂ ಮನೆ ನಡೆಯುವಷ್ಟು ಹಣವನ್ನು ಕೈಯಿಂದಲೇ ಕೊಟ್ಟುಬಿಡಿ. "ಅಣ್ಣಾ, ಜಾಮೀನು ಹಾಕುವುದಿಲ್ಲವೆಂದು ಅಮ್ಮನಿಗೆ ಮಾತು ಕೊಟ್ಟಿದ್ದೇನೆ, ಎರಡು ಸಾವಿರ ಇದೆ, ಇಟ್ಟುಕೋ" ಎಂದು ಹೇಳಿ. ಅಮ್ಮನ ಹೆಸರು ಸಾಲದಿದ್ದರೆ ನಮ್ಮ ಹೆಸರು ಹೇಳಿ: ಸ್ವಾಮಿಗಳು ಬೇಡವೆಂದಿದ್ದಾರೆ ಎಂದು. ಅವರು ಬಂದು ನಮ್ಮ ಮೇಲೆ ಸಿಟ್ಟಾಗಲಿ. ನಮಗೆ ರೂಢಿಯಿದೆ.

ಯುವತಿಯರೇ, ಇದು ಗಂಡಸರ ಮಾತೆಂದು ನೀವು ಕಿವಿಗೆ ಹಾಕಿಕೊಳ್ಳದೆ ಕುಳಿತಿರಬಹುದು. ಹಳ್ಳಿ ಹಳ್ಳಿಯಲ್ಲಿ ಹೆಂಗಸರ ಗುಂಪು ಕಟ್ಟಿ ಕೊಡುವ ಕಿರುಸಾಲವಿದೆಯಲ್ಲ, ಅಲ್ಲಿ ಒತ್ತೆ ಬೇಡ, ಜಾಮೀನು ಬೇಡ ಎನ್ನುತ್ತಾರೆ. ಒತ್ತೆಯಿಲ್ಲವೆಂಬುದು ಸರಿ. ಜಾಮೀನು ಇದೆ, ಗುಂಪಿನ ಪ್ರತಿಯೊಬ್ಬಳೂ ಉಳಿದವರಿಗೆ ಜಾಮೀನು. ಒಬ್ಬಳು ಕಂತು ಕಟ್ಟದಿದ್ದರೆ ಉಳಿದವರು ಅವಳ ಬಾಗಿಲಲ್ಲಿ ಹೋಗಿ ಕೂರುತ್ತಾರೆ. ವಸೂಲಿಗಾರರ ಕಿರುಕುಳದಿಂದ ಜನ ಮನೆ ತೊರೆದು ಹೋದ, ಪ್ರಾಣ ಕಳೆದುಕೊಂಡ ಸುದ್ದಿಗಳು ಬಂದ ಮೇಲೆ 2025ರಲ್ಲಿ ನಮ್ಮ ರಾಜ್ಯ ಸರ್ಕಾರ ಬಲವಂತದ ವಸೂಲಿಯನ್ನು ಶಿಕ್ಷಾರ್ಹ ಮಾಡುವ ಕಾನೂನು ತಂದಿತು. ಕಾನೂನು ವಸೂಲಿಗಾರನನ್ನು ತಡೆದೀತು. ಪಕ್ಕದ ಮನೆಯ ಗೆಳತಿಯ ಕಣ್ಣೀರನ್ನು ಹೇಗೆ ತಡೆಯುವುದು? ಎರಡನೆಯ ಗುಂಪಿನಲ್ಲಿ ಸಾಲ ಎತ್ತಿ ಮೊದಲನೆಯದರ ಕಂತು ಕಟ್ಟುವ ದಿನ ಬಂದರೆ, ಅಂದೇ ಮನೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಲೆಕ್ಕ ಬಿಚ್ಚಿಡಿ. ಮುಚ್ಚಿಟ್ಟ ಸಾಲ ಬೆಳೆಯುವಷ್ಟು ಬೇಗ ಯಾವ ಬೆಳೆಯೂ ಬೆಳೆಯದು.

ಮದುವೆಯ ಖರ್ಚಿನ ಬಗ್ಗೆ ಎರಡೇ ಮಾತು, ಏಕೆಂದರೆ ಹಿರಿಯರು ಆಗಲೇ ಅತ್ತಿತ್ತ ಕದಲುತ್ತಿದ್ದಾರೆ. ಧರ್ಮಸಭೆಯ ಕಾನೂನಿನಂತೆ ಮದುವೆಗೆ ಸಾಧಾರಣವಾಗಿ ಬೇಕಾದವರು ವಧು, ವರ, ಒಬ್ಬ ಗುರು, ಇಬ್ಬರು ಸಾಕ್ಷಿಗಳು. ಒಟ್ಟು ಐವರು. ಐನೂರು ಎಂದು ನಾವು ಎಲ್ಲಿಯೂ ಓದಿಲ್ಲ.

ಇಷ್ಟು ಹೊತ್ತು ಎಪ್ಪತ್ತೆರಡು ನಮಗೆ ಶತ್ರುವಾಗಿ ನಿಂತಿತ್ತು. ಅದೇ ಲೆಕ್ಕ ನಿಮ್ಮ ಪಕ್ಷಕ್ಕೂ ಬರುತ್ತದೆ. ಬೇಗ ಆರಂಭಿಸಿದವನಿಗೆ ಮಾತ್ರ. ಇಪ್ಪತ್ತನೆಯ ವಯಸ್ಸಿನಲ್ಲಿ ಒಬ್ಬನು ತಿಂಗಳಿಗೆ ಸಾವಿರದಂತೆ ಹತ್ತು ವರ್ಷ ಕಟ್ಟಿ ನಿಲ್ಲಿಸಿದನೆನ್ನಿ; ಒಟ್ಟು 1,20,000. ಆಮೇಲೆ ಏನೂ ಕಟ್ಟದೆ, ತೆಗೆಯದೆ, ಅರವತ್ತರವರೆಗೆ ಬಿಟ್ಟ. ಅವನ ತಮ್ಮ ಮೂವತ್ತಕ್ಕೆ ಆರಂಭಿಸಿ ತಿಂಗಳಿಗೆ ಸಾವಿರದಂತೆಯೇ ಅರವತ್ತರವರೆಗೂ ಕಟ್ಟಿದ, ಒಟ್ಟು 3,60,000. ಇಬ್ಬರಿಗೂ ವರ್ಷಕ್ಕೆ ನೂರಕ್ಕೆ ಏಳರಂತೆ, ತಿಂಗಳು ತಿಂಗಳೂ ಬಡ್ಡಿ ಸೇರುತ್ತ ಹೋದರೆ, ಕೊನೆಗೆ ಅಣ್ಣನ ಬಳಿ ಸುಮಾರು ಹದಿನಾಲ್ಕು ಲಕ್ಷ, ತಮ್ಮನ ಬಳಿ ಸುಮಾರು ಹನ್ನೆರಡು ಲಕ್ಷ. ಮೂರರಷ್ಟು ಕಟ್ಟಿದವನು ಹಿಂದೆ ಬಿದ್ದ. ಏಳರ ದರ ನಲವತ್ತು ವರ್ಷ ಒಂದೇ ಸಮನೆ ದೊರೆಯುತ್ತದೆಂದು ನಾವು ಭರವಸೆ ಕೊಡುತ್ತಿಲ್ಲ. ಬೆಲೆಗಳೂ ಇದೇ ಸೂತ್ರದಂತೆ ಏರುತ್ತವೆ, ವರ್ಷಕ್ಕೆ ಆರರಂತೆ ಏರಿದರೆ ಹನ್ನೆರಡು ವರ್ಷಗಳಲ್ಲಿ ಅಕ್ಕಿಯ ಬೆಲೆ ಎರಡರಷ್ಟು. ಅದಕ್ಕಾಗಿಯೇ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟ ನೋಟು ಉಳಿತಾಯವಲ್ಲ. ಅಂಚೆ ಕಚೇರಿಗೋ ಬ್ಯಾಂಕಿಗೋ ಹೋಗಿ ಸ್ವಂತ ಹೆಸರಿನಲ್ಲಿ ಖಾತೆ ತೆರೆಯಿರಿ; ಹೆಣ್ಣುಮಕ್ಕಳೂ ಸ್ವಂತ ಹೆಸರಿನಲ್ಲಿಯೇ. ಕಾಯಿಲೆಗೆ, ಕೆಲಸ ಹೋದ ಕಾಲಕ್ಕೆ ಮೂರು ತಿಂಗಳ ಮನೆ ಖರ್ಚು ಅಲ್ಲಿ ಸೇರುವವರೆಗೆ ಹೊಸ ಕಂತು ಯಾವುದಕ್ಕೂ ಒಪ್ಪಬೇಡಿ. ಐದರ ಬಡ್ಡಿಯವನ ಬಾಗಿಲಿಗೆ ನಮ್ಮವರು ಹೋಗುವುದು ಬಹುಪಾಲು ಆಸ್ಪತ್ರೆಯ ದಾರಿಯಿಂದ.

ಭಾಷಣ ಉದ್ದವಾಯಿತು, ತೇರಿನ ಕೆಲಸ ಬಾಕಿಯಿದೆ ಎಂದು ಸಂಘದವರು ಸನ್ನೆ ಮಾಡುತ್ತಿದ್ದಾರೆ. ಒಂದು ಪ್ರಕಟಣೆ ಮಾತ್ರ. ಮುಂದಿನ ಭಾನುವಾರದಿಂದ ಎರಡನೆಯ ಪೂಜೆಯ ನಂತರ, ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ಶಾಲೆಯ ಮೊದಲ ಕೊಠಡಿಯಲ್ಲಿ ಒಂದು ಗಂಟೆ ಕುಳಿತಿರಲು ಒಪ್ಪಿದ್ದಾರೆ. ಸಾಲದ ಕಾಗದ, ಗಿರವಿ ಚೀಟಿ, ಗುಂಪಿನ ಪುಸ್ತಕ ಏನಿದ್ದರೂ ತನ್ನಿ. ಓದಿ, ಎಣಿಸಿ ಹೇಳುತ್ತಾರೆ. ಬೇರೆಯವರಿಗೆ ತಿಳಿಯುವುದಿಲ್ಲ. ಸಹಿ ಹಾಕದ ಕಾಗದವಿದ್ದರೆ ಅದನ್ನು ಮೊದಲು ತನ್ನಿ.